ಗಂಟಲು ಸುಟ್ಟ ಅನಿಲ, ಉಸಿರು ಕೊಟ್ಟ ಅನಿಲ

ನೈಟ್ರಿಕ್ ಆಕ್ಸೈಡ್ ಎಂದೊಡನೆ ಅನೇಕ ವಿದ್ಯಾರ್ಥಿಗಳು ನಗೆ ಅನಿಲವೆಂದು ತಿಳಿಯುವುದುಂಟು. ನಗೆ ಅನಿಲ ನೈಟ್ರಸ್ ಆಕ್ಸೈಡ್. ಹೆಸರು ಹತ್ತಿರ, ಗುಣ ಬಹುದೂರ. ಇಂಗ್ಲೆಂಡಿನ ಹಂಫ್ರಿ ಡೇವಿ ಎರಡನ್ನೂ ಸೇದಿ ನೋಡಲು ಹೊರಟವನು. ನೈಟ್ರಿಕ್ ಆಕ್ಸೈಡ್ ಬಾಯಿಯಲ್ಲೇ ಗಾಳಿಯೊಡನೆ ಕೂಡಿ ಆಮ್ಲವಾಗಿ ಅವನ ಗಂಟಲನ್ನು ಸುಟ್ಟಿತು. 1800ರ ತನ್ನ ಗ್ರಂಥದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಎಂಥ ಧೈರ್ಯ!

ರಕ್ತನಾಳದ ಒಳಪದರವು ನಾಳವನ್ನು ಸಡಿಲಿಸುವ ವಸ್ತುವೊಂದನ್ನು ಹೊರಸೂಸುತ್ತದೆಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಅದು ಇದೇ ಅನಿಲವೆಂದು 1987ರಲ್ಲಿ ತಿಳಿಯಿತು.

ಕೆಲವು ನವಜಾತ ಶಿಶುಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಹುಟ್ಟಿದ ಮೇಲೂ ಬಿಗಿದೇ ಇರುತ್ತವೆ. ಮಗು ನೀಲಿಗಟ್ಟುತ್ತದೆ. ನಾಳ ಸಡಿಲಿಸುವ ಔಷಧವನ್ನು ಸೂಜಿಯ ಮೂಲಕ ಕೊಟ್ಟರೆ ಇಡೀ ದೇಹದ ರಕ್ತದೊತ್ತಡವೇ ಕುಸಿಯುವ ಭಯ. ಉಸಿರಿನಲ್ಲಿ ಕೊಟ್ಟ ನೈಟ್ರಿಕ್ ಆಕ್ಸೈಡ್ ಹಾಗಲ್ಲ. ಗಾಳಿ ತಲುಪಿದ ಕಡೆಯ ನಾಳಗಳನ್ನಷ್ಟೇ ಅದು ತೆರೆಯುತ್ತದೆ. ರಕ್ತಕ್ಕೆ ಇಳಿದ ಕ್ಷಣವೇ ಹಿಮೋಗ್ಲೋಬಿನ್ ಅದನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಬಾಸ್ಟನ್ನಿನ ವೈದ್ಯರು 1991ರಲ್ಲಿ ಕುರಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. 1992ರಲ್ಲಿ ಶಿಶುಗಳ ಚಿಕಿತ್ಸೆಯ ವರದಿಗಳು ಬಂದವು.

ಪ್ರಮಾಣ ಎಷ್ಟು ಗೊತ್ತೇ? ಉಸಿರಾಡುವ ಗಾಳಿಯ 10 ಲಕ್ಷ ಭಾಗದಲ್ಲಿ ಸುಮಾರು 20 ಭಾಗ! ಆಮ್ಲಜನಕದೊಡನೆ ಹೆಚ್ಚು ಹೊತ್ತು ಬೆರೆತರೆ ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್ ಆಗುವುದರಿಂದ, ಇದನ್ನು ಸಿಲಿಂಡರಿನಲ್ಲಿ ನೈಟ್ರೋಜನ್ ಜೊತೆ ತುಂಬಿಟ್ಟು, ಕೊಡುವಾಗ ಮಾತ್ರ ಉಸಿರಿನ ಕೊಳವೆಗೆ ಬಿಡುತ್ತಾರೆ.

ಇದು ಸಂಜೀವಿನಿಯೇನಲ್ಲ. 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದೇಹದ ಹೊರಗೆ ಯಂತ್ರದಿಂದ ರಕ್ತಕ್ಕೆ ಆಮ್ಲಜನಕ ತುಂಬುವ ಅಗತ್ಯ ಕಡಿಮೆಯಾಯಿತು, ಸಾವಿನ ಪ್ರಮಾಣ ಇಳಿಯಲಿಲ್ಲ. ಆದರೂ ಆ ಯಂತ್ರದ ಅಪಾಯಗಳನ್ನು ಬಲ್ಲ ವೈದ್ಯರಿಗೆ ಅಷ್ಟೂ ದೊಡ್ಡದಾಗಿಯೇ ಕಂಡಿತು. 1999ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ನೀಡಿತು.