ಮಿಶ್ರ ಸದಸ್ಯತ್ವ ಮಾದರಿಗಳ ಇತಿಹಾಸ

ಒಂದು ಜೀವಿಯನ್ನೋ ರೋಗಿಯನ್ನೋ ಬರಹವನ್ನೋ ಒಂದೇ ಗುಂಪಿಗೆ ಸೇರಿಸದೆ, ಹಲವು ಗುಂಪುಗಳಲ್ಲಿ ಅದಕ್ಕಿರುವ ಪಾಲನ್ನು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ಮಾದರಿಗಳು. ದತ್ತಾಂಶ ಹುಟ್ಟಿರಬಹುದಾದ ಬಗೆಯನ್ನು ಸಂಭವನೀಯತೆಯ ನಿಯಮಗಳಲ್ಲಿ ಮೊದಲು ನಿರೂಪಿಸಿ, ಅನಂತರ ಕಾಣದ ಪಾಲುಗಳನ್ನು ಲೆಕ್ಕಹಾಕುವುದರಿಂದ ಇವು ಉತ್ಪಾದಕ ಮಾದರಿಗಳೆನಿಸಿವೆ.

ಉಗಮ: ಕಂಪ್ಯೂಟರ್ ವಿಜ್ಞಾನದ ಬರಹಗಳು ಸಾಮಾನ್ಯವಾಗಿ ಥಾಮಸ್ ಹಾಫ್‌ಮನ್ 1999ರಲ್ಲಿ ರೂಪಿಸಿದ ಪಠ್ಯವಿಶ್ಲೇಷಣೆಯ ವಿಧಾನವನ್ನೂ ಡೇವಿಡ್ ಬ್ಲೈ, ಆಂಡ್ರ್ಯೂ ಎಂಗ್, ಮೈಕೆಲ್ ಜೋರ್ಡನ್ 2003ರಲ್ಲಿ ವಿವರವಾಗಿ ಮಂಡಿಸಿದ ಎಲ್‌ಡಿಎ (ಲೇಟೆಂಟ್ ಡಿರಿಕ್ಲೆ ಅಲೊಕೇಶನ್) ಮಾದರಿಯನ್ನೂ ಮೂಲವೆಂದು ಹೇಳುತ್ತವೆ. ಇದು ಅಪೂರ್ಣ. ಬರಹದೊಳಗಿನ ವಿಷಯಗಳ ಪಾಲುಗಳು, ಒಟ್ಟು ಒಂದಾಗುವ ಪಾಲುಗಳ ಸಂಭವನೀಯತೆಯನ್ನು ಹೇಳುವ ಡಿರಿಕ್ಲೆ ವಿತರಣೆಯಿಂದ ಬರುತ್ತವೆಂಬುದು ಎಲ್‌ಡಿಎಯ ಮುಖ್ಯ ಹೆಜ್ಜೆ. ಜೊನಾಥನ್ ಪ್ರಿಚರ್ಡ್, ಮ್ಯಾಥ್ಯೂ ಸ್ಟೀಫನ್ಸ್, ಪೀಟರ್ ಡಾನಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ 2000ದಲ್ಲೇ ಜೀವಿಯ ವಂಶಮೂಲದ ಪಾಲುಗಳಿಗೆ ಇದೇ ವಿತರಣೆಯನ್ನು ಬಳಸಿದ್ದರು. ಕೀನ್ಯಾದ ಟೈಟಾ ಬೆಟ್ಟಗಳ ಅಳಿವಿನಂಚಿನ ಹಕ್ಕಿಯೊಂದು ಅವರ ಉದಾಹರಣೆಗಳಲ್ಲಿತ್ತು. ಅವರ ತಂತ್ರಾಂಶ ‘ಸ್ಟ್ರಕ್ಚರ್’. ಎರಡೂ ಮಾದರಿಗಳು ತದ್ರೂಪವಲ್ಲ. ತಳಿವಿಜ್ಞಾನದಲ್ಲಿ ವರ್ಣತಂತುವಿನ ಪ್ರತಿಯೊಂದು ನೆಲೆಗೂ ಜೀನ್ ರೂಪಗಳ ಪ್ರತ್ಯೇಕ ಆವರ್ತನಗಳಿರುತ್ತವೆ. ಎಲ್‌ಡಿಎಯಲ್ಲಿ ಬರಹದ ಎಲ್ಲ ಪದಗಳಿಗೂ ಒಂದೇ ಪದಕೋಶ. ಇನ್ನೂ ಹಿಂದೆ, 1978ರಲ್ಲಿ, ಮ್ಯಾಕ್ಸ್ ವುಡ್‌ಬರಿ ಮತ್ತು ಸಂಗಡಿಗರು ರೋಗಗಳ ವರ್ಗೀಕರಣಕ್ಕೆ ಇಂಥದೇ ವಿಧಾನವನ್ನು ಸೂಚಿಸಿದ್ದರು. ಈ ಮೂರು ಧಾರೆಗಳ ನಂಟನ್ನು ಎಲೆನಾ ಎರೊಶೆವಾ 2002ರ ಪಿಎಚ್‌.ಡಿ. ಪ್ರಬಂಧದಲ್ಲೂ ಸ್ಟೀಫನ್ ಫೈನ್‌ಬರ್ಗ್, ಜಾನ್ ಲಾಫರ್ಟಿ ಜತೆಗಿನ 2004ರ ಲೇಖನದಲ್ಲೂ ವಿವರಿಸಿದರು.

ವಿವಾದ: ಗುಂಪುಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಸಂಶೋಧಕರೇ ಮೊದಲು ನಿಗದಿಪಡಿಸಬೇಕು. ನೋಹ್ ರೋಸನ್‌ಬರ್ಗ್ ತಂಡ 2002ರಲ್ಲಿ 52 ಸಮುದಾಯಗಳ 1,056 ಜನರನ್ನು ‘ಸ್ಟ್ರಕ್ಚರ್’ ಮೂಲಕ ವಿಶ್ಲೇಷಿಸಿತು. ಐದು ಗುಂಪು ಮಾಡಿದಾಗ ಅವು ಬಹುಮಟ್ಟಿಗೆ ಪ್ರಮುಖ ಭೂಭಾಗಗಳಿಗೆ ಹೊಂದಿದವು. ಆರು ಗುಂಪು ಮಾಡಿದಾಗ ಆರನೆಯದು ಮುಖ್ಯವಾಗಿ ಪಾಕಿಸ್ತಾನದ ಕಲಾಶ್ ಜನರದು. ಈ ಫಲಿತಾಂಶ ಮಾನವ ಜನಾಂಗಗಳಿಗೆ ಪುರಾವೆಯೆಂದು ಕೆಲವರು ವಾದಿಸಿದರು. ಡಿಎನ್‌ಎ ಮಾದರಿಗಳನ್ನು ಸಂಗ್ರಹಿಸಿದ ಊರುಗಳ ಆಯ್ಕೆಯೇ ಇಂಥ ಗುಂಪುಗಳನ್ನು ಮೂಡಿಸಬಲ್ಲದೆಂದು ಡೇವಿಡ್ ಸೆರ್, ಸ್ವಾಂಟೆ ಪಾಬೊ 2004ರಲ್ಲಿ ಆಕ್ಷೇಪಿಸಿದರು. ರೋಸನ್‌ಬರ್ಗ್ ತಂಡ 2005ರಲ್ಲಿ 993 ತಳಿ ಸೂಚಕಗಳೊಂದಿಗೆ ಉತ್ತರಿಸಿತು: ದೂರ ಹೆಚ್ಚಿದಂತೆ ವ್ಯತ್ಯಾಸವೂ ಕ್ರಮೇಣ ಹೆಚ್ಚುತ್ತದೆ, ಸಾಗರ, ಪರ್ವತಗಳಂಥ ತಡೆಗಳಲ್ಲಿ ಮಾತ್ರ ಸಣ್ಣ ಜಿಗಿತ ಕಾಣುತ್ತದೆ. ಇಂಥ ವಿಶ್ಲೇಷಣೆಯಲ್ಲಿ ಬೇರೆಬೇರೆ ವಂಶಚರಿತ್ರೆಗಳು ಒಂದೇ ಬಗೆಯ ಚಿತ್ರ ಕೊಡಬಲ್ಲವೆಂದು ಡೇನಿಯಲ್ ಲಾಸನ್, ಲೂಸಿ ವ್ಯಾನ್ ಡಾರ್ಪ್, ಡೇನಿಯಲ್ ಫಾಲುಶ್ 2018ರಲ್ಲಿ ತೋರಿಸಿದರು.

ವಿಸ್ತರಣೆ: ಪರಿಸರ ವಿಜ್ಞಾನ, ಜೀವಕೋಶ ಅಧ್ಯಯನಗಳಿಗೂ ಈ ಮಾದರಿಗಳು ಹಬ್ಬಿವೆ. 2017ರಲ್ಲಿ ಸ್ಟೀಫನ್ಸ್ ತಂಡ ಜೀನ್‌ಗಳ ಅಭಿವ್ಯಕ್ತಿಯ ವಿಶ್ಲೇಷಣೆಗೆ ಇವನ್ನು ಅನ್ವಯಿಸಿತು. ಗುಂಪುಗಳಿಗೆ ಅರ್ಥ ಹೇಳಲು ಮಾದರಿಯ ಹೊರಗಿನ ಸಾಕ್ಷ್ಯ ಎಲ್ಲ ಶಾಸ್ತ್ರಗಳಲ್ಲೂ ಅಗತ್ಯ.