ದೂಳಿನ ಎಳೆಗೆ ಹೆಸರು ಹೇಳುವ ಬೆಳಕು

ಬೀದರಿನ ಚಿದ್ರಿಯಲ್ಲೋ ಭಾಲ್ಕಿಯಲ್ಲೋ ಬೆಳಗಿನ ಹೊತ್ತು ಒಂದು ಹೊಲಿಗೆ ಅಂಗಡಿಯಲ್ಲಿ ನಿಂತು ನೋಡಿ. ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಸಣ್ಣ ಎಳೆಗಳು ತೇಲಾಡುವುದು ಕಾಣುತ್ತದೆ. ಅವುಗಳಲ್ಲಿ ಹತ್ತಿಯದು ಯಾವುದು, ಪಾಲಿಯೆಸ್ಟರಿನದು ಯಾವುದು? ಕಣ್ಣಿಗೆ ತಿಳಿಯದು. ಸೂಕ್ಷ್ಮದರ್ಶಕವೂ ಆಕಾರವನ್ನು ತೋರಿಸುತ್ತದೆಯೇ ಹೊರತು ಎಳೆ ಯಾವ ವಸ್ತುವಿನದೆಂದು ಖಚಿತವಾಗಿ ಹೇಳಲಾರದು.

ದೂಳು ಎಷ್ಟಿದೆ ಎಂಬುದರಷ್ಟೇ, ಅದು ಯಾವುದರ ದೂಳು ಎಂಬುದೂ ಮುಖ್ಯ. ಈ ಪಾಠವನ್ನು ನಮ್ಮ ನಾಡು ಕಲಿತದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಬಂಡೆ ಕೊರೆಯುವಾಗ ಏಳುವ ಸ್ಫಟಿಕ ಸಿಲಿಕದ ದೂಳು ಕಾರ್ಮಿಕರ ಶ್ವಾಸಕೋಶಗಳನ್ನು ಗಡುಸುಗೊಳಿಸುತ್ತಿತ್ತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಅಲ್ಲಿಂದಲೇ, 1934ರಲ್ಲಿ. ಮೈಸೂರು ಸಂಸ್ಥಾನದ ಸಿಲಿಕೋಸಿಸ್ ನಿಯಮಗಳು ಬಂದದ್ದು 1940ರಲ್ಲಿ. ಅಷ್ಟರಲ್ಲಿ ಅಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾಗಿ ಅರ್ಧ ಶತಮಾನವೇ ಕಳೆದಿತ್ತು!

ಪ್ಲಾಸ್ಟಿಕ್ ಎಳೆಗಳ ಕಥೆಯೂ ಕೆಲಸದ ಸ್ಥಳದಿಂದಲೇ ಶುರುವಾಗುತ್ತದೆ. ಕೃತಕ ನೂಲಿನ ಎಳೆಗಳನ್ನು ಉಸಿರಾಡಿ ಕಾಯಿಲೆಬಿದ್ದ 7 ಮಂದಿಯ ಬಗ್ಗೆ ಪೋರ್ಚುಗಲ್‌ನ ವೈದ್ಯರು 1975ರಲ್ಲಿ ಬರೆದರು. ನೈಲಾನ್ ಎಳೆಗಳನ್ನು ಚೂರುಮಾಡುವ ಅಮೆರಿಕದ ಕಾರ್ಖಾನೆಯೊಂದರಲ್ಲಿ ಕಂಡ ಶ್ವಾಸಕೋಶದ ರೋಗ 1998ರಲ್ಲಿ ಪ್ರಕಟವಾಯಿತು. 'ಮೈಕ್ರೋಪ್ಲಾಸ್ಟಿಕ್' ಎಂಬ ಪದ ಬಳಕೆಗೆ ಬಂದದ್ದು ಇನ್ನೂ ತಡವಾಗಿ, 2004ರಲ್ಲಿ ಸಮುದ್ರದ ಪ್ಲಾಸ್ಟಿಕ್ ಕುರಿತ ಪ್ರಬಂಧವೊಂದರ ನಂತರ. ಕಾರ್ಮಿಕರ ಶ್ವಾಸಕೋಶಕ್ಕೆ ಅದು ಮೊದಲೇ ಗೊತ್ತಿತ್ತೆನ್ನಬೇಕು.

ಎಳೆಯನ್ನು ಗುರುತಿಸುವ ಬೆಳಕು ಮಾತ್ರ ಇವೆಲ್ಲಕ್ಕಿಂತ ಹಳೆಯದು. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕೊಲ್ಕತ್ತದಲ್ಲಿ ಕಂಡುಕೊಂಡ ಹೊಸ ಚದರಿಕೆಯನ್ನು ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಅಣುವಿಗೆ ತಾಗಿ ಚದರುವ ಬೆಳಕಿನ ಅತ್ಯಲ್ಪ ಭಾಗ ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಾಯಿತು ಎಂಬುದು ಅಣುವಿನ ಕಂಪನಗಳನ್ನು ಅವಲಂಬಿಸಿದೆ. ಆದ್ದರಿಂದ ಅದು ವಸ್ತುವಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಇಲ್ಲೊಂದು ಸ್ವಾರಸ್ಯವಿದೆ. ಆ ಪ್ರಯೋಗಗಳಲ್ಲಿ ದೂಳೇ ದೊಡ್ಡ ಶತ್ರು. ದ್ರವಗಳನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ಭಟ್ಟಿಯಿಳಿಸಿ ಶುದ್ಧಗೊಳಿಸಬೇಕಾಗಿತ್ತು. ಅದೇ ದೂಳನ್ನು ಓದಲು ಇಂದು ಅದೇ ಬೆಳಕು ಬೇಕಾಗಿದೆ!

ಇದಕ್ಕೆ 1960ರಲ್ಲಿ ಬಂದ ಲೇಸರ್ ಮತ್ತು 1970ರ ದಶಕದ ರಾಮನ್ ಸೂಕ್ಷ್ಮದರ್ಶಕ ದಾರಿ ಮಾಡಿದವು. ಈಗ ಕೆಲಸಗಾರನ ಕಾಲರಿಗೆ ಸಿಕ್ಕಿಸಿದ ಸೋಸುಕದ ಮೂಲಕ ಸಣ್ಣ ಪಂಪಿನಿಂದ ಗಾಳಿಯನ್ನು ಎಳೆಯುತ್ತಾರೆ. ಸೋಸುಕದ ಮೇಲೆ ಉಳಿದ ಕಣಗಳಿಗೆ ಒಂದೊಂದಾಗಿ ಲೇಸರ್ ಬಿಡುತ್ತಾರೆ. ಪಾಲಿಯೆಸ್ಟರ್ ಆದರೆ ರೋಹಿತದಲ್ಲಿ 1615ರ ಆಸುಪಾಸಿನ ತರಂಗಸಂಖ್ಯೆಯಲ್ಲಿ ಎತ್ತರದ ಶಿಖರ ಕಾಣುತ್ತದೆ. ಹತ್ತಿಯಲ್ಲಿ ಅದು ಇರುವುದಿಲ್ಲ. ಅವಕೆಂಪು ರೋಹಿತವೂ ಇದೇ ಕೆಲಸ ಮಾಡಬಲ್ಲದು. ಆದರೆ ಸಾಮಾನ್ಯವಾಗಿ 10 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ಅದಕ್ಕೆ ತಪ್ಪಿಸಿಕೊಳ್ಳುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಹೆಚ್ಚಾಗಿ ಅಂಥವೇ. ರಾಮನ್ ವಿಧಾನ 1 ಮೈಕ್ರೋಮೀಟರಿನವರೆಗೂ ಹೋಗುತ್ತದೆ. 2021ರಲ್ಲಿ ಬ್ರೆಜಿಲ್‌ನ ಸಂಶೋಧಕರು ಈ ವಿಧಾನದಿಂದಲೇ, ಶವಪರೀಕ್ಷೆಗೆ ಒಳಗಾದ 20 ಮಂದಿಯ ಪೈಕಿ 13 ಮಂದಿಯ ಶ್ವಾಸಕೋಶದಲ್ಲಿ ಪ್ಲಾಸ್ಟಿಕ್ ಕಣಗಳನ್ನು ಗುರುತಿಸಿದರು.

ನಮ್ಮ ಹೊಲಿಗೆ ಅಂಗಡಿಯ ಎಳೆ ಮಾತ್ರ ಇಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ. ಅದಕ್ಕೆ ಬಣ್ಣ ಹಾಕಿರುತ್ತದಲ್ಲ! ಬಣ್ಣ ತಾನೇ ಪ್ರತಿದೀಪ್ತಿಯಿಂದ ಹೊಳೆದು ರಾಮನ್ ಸಂಕೇತವನ್ನು ಮುಳುಗಿಸಿಬಿಡುತ್ತದೆ. ಆಗ ಹಸಿರು ಲೇಸರ್ ಬಿಟ್ಟು 785 ನ್ಯಾನೋಮೀಟರಿನ ಲೇಸರ್ ಹಿಡಿಯುತ್ತಾರೆ. ಕಪ್ಪು ದಾರವಾದರೆ ಅದರ ಶಾಖಕ್ಕೆ ಸುಟ್ಟುಹೋಗುವುದೂ ಉಂಟು.