ಖೆ (ಅರ್ಮೇನಿಯನ್ ಅಕ್ಷರ)

ಖೆ ಅರ್ಮೇನಿಯನ್ ವರ್ಣಮಾಲೆಯ 36ನೆಯ ಅಕ್ಷರ. ಕ್ರಿ.ಶ. 405ರ ಸುಮಾರಿಗೆ ಮೆಸ್ರೊಪ್ ಮಾಶ್ತೊತ್ಸ್ ತನ್ನ ಜನರ ಭಾಷೆಗೆ ಲಿಪಿ ರೂಪಿಸಿದಾಗ ಅಕ್ಷರಗಳ ಸಾಲು ಮುಗಿದದ್ದು ಇದರಲ್ಲೇ. ಇದರ ನಂತರ ಬರುವ ‘ಒ’ ಮತ್ತು ‘ಫೆ’ ಮಧ್ಯಯುಗದಲ್ಲಿ ಸೇರಿಕೊಂಡವು.

ಇದರ ಉಚ್ಚಾರ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಮಹಾಪ್ರಾಣ ಖಕಾರವೇ. ಗ, ಕ, ಖ ಮೂರಕ್ಕೂ ಅರ್ಮೇನಿಯನ್ನಿನಲ್ಲಿ ಬೇರೆ ಬೇರೆ ಅಕ್ಷರಗಳಿವೆ: ಗಿಮ್, ಕೆನ್, ಖೆ. ರೋಮನ್ ಲಿಪಿಯಲ್ಲಿ ಈ ಭೇದ ತೋರಿಸಲು ಅಕ್ಷರದ ಪಕ್ಕದಲ್ಲಿ ಚಿಹ್ನೆ ಹಾಕಬೇಕಾಗುತ್ತದೆ, ಕನ್ನಡ ಲಿಪಿಯಲ್ಲಿ ಅದು ಸಲೀಸು. ಕಲ್ಲಿಗೆ ‘ಖಾರ್’, ನಗರಕ್ಕೆ ‘ಖಘಾಖ್’. ಈ ಎರಡನೆಯ ಪದದ ಮೊದಲಲ್ಲೂ ಕೊನೆಯಲ್ಲೂ ಇರುವುದು ಖೆ.

ದೊಡ್ಡಕ್ಷರಕ್ಕೆ ಒಂದು ನೆಟ್ಟನೆಯ ಕಂಬ, ಅದರ ಮೇಲ್ಭಾಗದಲ್ಲಿ ಬಲಕ್ಕೊಂದು ಬಳೆ, ಬಳೆಯ ಕೆಳಗೆ ಕಂಬವನ್ನು ದಾಟುವ ಅಡ್ಡಗೆರೆ. ಹಳೆಯ ಕ್ರೈಸ್ತರ ಶಿಲುಬೆಯ ಸಂಕೇತವನ್ನು ಇದು ನೆನಪಿಸುತ್ತದೆ. ಅರ್ಮೇನಿಯನ್ನರ ಸಂಪ್ರದಾಯವೂ ಹಾಗೇ ಓದುತ್ತದೆ: ಮೊದಲ ಅಕ್ಷರ ‘ಅಸ್ತ್ವಾತ್ಸ್’, ಅಂದರೆ ದೇವರು, ಕೊನೆಯದು ‘ಖ್ರಿಸ್ತೊಸ್’. ಹಸ್ತಪ್ರತಿಗಳಲ್ಲಿ ಲಿಪಿಕಾರರು ಕ್ರಿಸ್ತನ ಹೆಸರನ್ನು ಪೂರ್ತಿ ಬರೆಯದೆ, ಮೊದಲ ಮತ್ತು ಕೊನೆಯ ಅಕ್ಷರಗಳನ್ನಷ್ಟೇ ಇಟ್ಟು ಮೇಲೊಂದು ಗೆರೆ ಎಳೆಯುತ್ತಿದ್ದರು. ಆ ಗೆರೆಗೆ ‘ಪತಿವ್’, ಗೌರವ, ಎಂದೇ ಹೆಸರು. ಆದರೆ ಖೆಗೆ ಕೊನೆಯ ಜಾಗ ಸಿಕ್ಕಿದ್ದಕ್ಕೆ ಸರಳವಾದ ಕಾರಣವೂ ಇದೆ. ಮಾಶ್ತೊತ್ಸ್ ಬಹುಮಟ್ಟಿಗೆ ಗ್ರೀಕ್ ವರ್ಣಮಾಲೆಯ ಕ್ರಮವನ್ನೇ ಅನುಸರಿಸಿದ. ಅಲ್ಲಿ ಫಿ, ಖಿ ಒಂದರ ಹಿಂದೊಂದು ಬರುವಂತೆ ಇಲ್ಲಿ ಮಹಾಪ್ರಾಣ ಪಕಾರದ ಬೆನ್ನಿಗೇ ಖೆ ಬಂತು.

ಅಕ್ಷರಗಳೇ ಅಂಕಿಗಳಾಗಿದ್ದ ಕಾಲದಲ್ಲಿ ಖೆಯ ಬೆಲೆ 9000. ಮೂಲದ 36 ಅಕ್ಷರಗಳು ಒಂಬತ್ತೊಂಬತ್ತರ ನಾಲ್ಕು ಗುಂಪಾಗಿ ಬಿಡಿ, ಹತ್ತು, ನೂರು, ಸಾವಿರಗಳನ್ನು ಹಂಚಿಕೊಂಡಿದ್ದವು. ಸೊನ್ನೆಯ ಅಗತ್ಯವಿರಲಿಲ್ಲ, 9999 ಬರೆಯಲು ನಾಲ್ಕೇ ಅಕ್ಷರ ಸಾಕಾಗುತ್ತಿತ್ತು.

ಭಾಷಾಶಾಸ್ತ್ರದ ದೃಷ್ಟಿಯಿಂದ ಈ ಅಕ್ಷರದಷ್ಟು ಕುತೂಹಲ ಹುಟ್ಟಿಸುವವು ಕಡಿಮೆ. ಮೂಲ ಇಂಡೋ-ಯುರೋಪಿಯನ್ ಭಾಷೆಯ ಪದಾದಿಯ ‘ಸ್ವ’ ಅರ್ಮೇನಿಯನ್ನಿನಲ್ಲಿ ‘ಖ’ ಆಯಿತು. ಸಂಸ್ಕೃತದ ‘ಸ್ವಸೃ’ (ಸೋದರಿ) ಅಲ್ಲಿ ‘ಖೊಯ್ರ್’, ಇಂದಿನ ಮಾತಿನಲ್ಲಿ ‘ಖುಯ್ರ್’. ‘ಸ್ವಪ್ನ’ಕ್ಕೆ ಸರಿಯಾಗಿ ನಿದ್ದೆಯ ಅರ್ಥದ ‘ಖುನ್’. ‘ಸ್ವೇದ’ಕ್ಕೆ ಹಳೆಯ ‘ಖಿರ್ತ್ನ್’, ಬೆವರು. ಕೇಳಲು ಇವು ನಂಟೇ ಇಲ್ಲದ ಪದಗಳು. ಅರ್ಮೇನಿಯನ್ ಭಾಷೆ ಇರಾನಿಯನ್ನಿನ ಕವಲಲ್ಲ, ಇಂಡೋ-ಯುರೋಪಿಯನ್ ಕುಟುಂಬದ ಸ್ವತಂತ್ರ ಶಾಖೆ ಎಂದು ಹೈನ್ರಿಚ್ ಹ್ಯೂಬ್‌ಷ್ಮನ್ 1875ರಲ್ಲಿ ತೋರಿಸಿಕೊಟ್ಟ. ಅಂಥ ನಿರ್ಣಯಗಳಿಗೆ ಆಧಾರ ಹೀಗೆ ನಿಯಮ ತಪ್ಪದೆ ಮರುಕಳಿಸುವ ಧ್ವನಿ ಬದಲಾವಣೆಗಳೇ.

ವ್ಯಾಕರಣದಲ್ಲೂ ಖೆಗೆ ಕೆಲಸವಿತ್ತು. ಪ್ರಾಚೀನ ಭಾಷೆಯಲ್ಲಿ ಇದೇ ಬಹುವಚನದ ಪ್ರತ್ಯಯ: ‘ಮರ್ದ್’ ಒಬ್ಬ ಮನುಷ್ಯ, ‘ಮರ್ದ್‌ಖ್’ ಹಲವರು. ನಾಡಿನ ಹಳೆಯ ಹೆಸರಾದ ‘ಹಾಯ್‌ಖ್’ ಕೂಡ ‘ಹಾಯ್’, ಅಂದರೆ ಅರ್ಮೇನಿಯನ್, ಎಂಬುದರ ಬಹುವಚನವೇ. ಈಗ ನಾಮಪದಗಳಿಗೆ ಬೇರೆ ಪ್ರತ್ಯಯ ಬಂದಿದೆ. ಕ್ರಿಯಾಪದಗಳಲ್ಲಿ ಮಾತ್ರ ಹಳೆಯದು ಉಳಿದಿದೆ: ‘ಎಂಖ್’ ಎಂದರೆ ಇದ್ದೇವೆ, ‘ಎಖ್’ ಎಂದರೆ ಇದ್ದೀರಿ.

ಮೇಲಿನ ಉಚ್ಚಾರ ಅರ್ಮೇನಿಯಾದಲ್ಲಿ ಆಡುವ ಪೂರ್ವದ ಪ್ರಭೇದದ್ದು. ಲೆಬನಾನ್, ಫ್ರಾನ್ಸ್, ಅಮೆರಿಕಗಳಲ್ಲಿ ನೆಲೆಸಿದವರಲ್ಲಿ ಅನೇಕರು ಆಡುವ ಪಶ್ಚಿಮದ ಪ್ರಭೇದದಲ್ಲಿ ಗಿಮ್ ಅಕ್ಷರವೂ ಖಕಾರವಾಗಿದೆ, ಕೆನ್ ಗಕಾರವಾಗಿದೆ. ಹೀಗಾಗಿ ಗಿಮ್, ಖೆ ಎರಡಕ್ಕೂ ಅಲ್ಲಿ ಒಂದೇ ಧ್ವನಿ. ಯಾವ ಪದಕ್ಕೆ ಯಾವ ಅಕ್ಷರವೆಂಬುದನ್ನು ಮಕ್ಕಳು ಬಾಯಿಪಾಠ ಮಾಡಿಯೇ ಕಲಿಯಬೇಕು.